ಕಂಬಳಿಯ ಕೆಳಗೆ ಎಪ್ಪತ್ತೊಂಬತ್ತು ಡಿಗ್ರಿ

ನನ್ನ ಹೆಂಡತಿಯ ಅಣ್ಣನನ್ನು ಬೀದಿಯವರೆಲ್ಲ ಡಿಗ್ರಿ ಎಂದೇ ಕರೆಯುತ್ತಾರೆ. ನನಗೆ ಡಿಗ್ರಿ ಭಾವ. ಸ್ನಾನದ ನೀರಿಗೆ ನಾವೆಲ್ಲ ಬೆರಳು ಅದ್ದಿ ನೋಡುತ್ತೇವೆ, ಅವರು ಥರ್ಮಾಮೀಟರ್ ಅದ್ದುತ್ತಾರೆ. ಕಾಫಿ ಕೊಟ್ಟರೆ ಚೆನ್ನಾಗಿದೆ ಎನ್ನುವುದಿಲ್ಲ, ಅರವತ್ತೆರಡು ಎನ್ನುತ್ತಾರೆ. ಅವರಿಗೆ ಇನ್ನೂ ಯಾಕೆ ಮದುವೆಯಾಗಿಲ್ಲ ಎಂದು, ಅವರ ಜೊತೆ ಒಮ್ಮೆ ಕಾಫಿ ಕುಡಿದವರು ಯಾರೂ ಕೇಳುವುದಿಲ್ಲ.

ಅವರ ಕಸುಬೂ ಅದಕ್ಕೆ ತಕ್ಕದ್ದೇ. ಕಂಪ್ಯೂಟರಿನ ಪ್ರೊಸೆಸರ್ ದುಡಿದಷ್ಟೂ ಕಾಯುತ್ತದೆ. ಅದನ್ನು ತಣ್ಣಗಿಡಲು ಕಂಪನಿಗಳು ತರಾವರಿ ಕೂಲರ್ ಮಾಡುತ್ತವೆ. ಅವುಗಳಲ್ಲಿ ಯಾವುದು ನಿಜಕ್ಕೂ ತಣ್ಣಗಿಡುತ್ತದೆ, ಯಾವುದು ಬರೀ ಬಣ್ಣದ ದೀಪ ಹೊತ್ತಿಸಿಕೊಂಡು ಮೆರೆಯುತ್ತದೆ ಎಂದು ಭಾವ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಪರೀಕ್ಷೆ ಮಾಡಿ ಹೇಳುತ್ತಾರೆ. ಊರಿನ ಕಂಪ್ಯೂಟರ್ ಅಂಗಡಿಗಳಲ್ಲಿ ಅವರ ಮಾತಿಗೆ ಎರಡು ಮಾತಿಲ್ಲ. ಪರೀಕ್ಷೆಗೆಂದು ಅವರು ಇಟ್ಟುಕೊಂಡಿರುವ ಹಳೆಯ ಪ್ರೊಸೆಸರ್ ಎಂಥ ಕಾವಿನದೆಂದರೆ, ಅದನ್ನು ತಂದ ವಾರವೇ ಆ ಕೋಣೆಯ ಹಲ್ಲಿಗಳು ಸಂಸಾರ ಸಮೇತ ಪಕ್ಕದ ನಮ್ಮ ಮನೆಗೆ ಬಂದುಬಿಟ್ಟವು. ಇನ್ನೂ ಇಲ್ಲೇ ಇವೆ. ನಂಬದವರು ಬಂದು ನೋಡಬಹುದು.

ಆ ಕೋಣೆಗೆ ಒಂದು ಕಟ್ಟಳೆಯಿದೆ. ಭಾವ ಮೊಟ್ಟಮೊದಲ ಕೂಲರನ್ನು ಪರೀಕ್ಷಿಸಿದ ದಿನ ಅವರ ಜೊತೆ ನನ್ನ ಮಾವ, ಎಂದರೆ ಅವರ ತಂದೆ, ಮತ್ತು ನಾನು ಕೋಣೆಯಲ್ಲಿ ಕೂತಿದ್ದೆವು. ಮಾವ ಪೇಪರ್ ಓದಲು, ನಾನು ಅವರಿಗೆ ಓದಲು ಬಿಡದಿರಲು. ಅಂಕಿ ಬಂತು, ಕೂಲರ್ ಹೋಯಿತು. ಆಮೇಲೆ ಭಾವ ಎಲ್ಲೋ ಓದಿದರು, ಸುಮ್ಮನೆ ಕೂತ ಮನುಷ್ಯನೊಬ್ಬ ನೂರು ವ್ಯಾಟಿನ ಬಲ್ಬಿನಷ್ಟು ಕಾವು ಬಿಡುತ್ತಾನಂತೆ. ಅವರ ಮುಖ ಬಿಳಿಚಿಕೊಂಡಿತು. ಮೊದಲ ಅಂಕಿ ಮೂರು ಬಲ್ಬು ಉರಿಯುತ್ತಿದ್ದ ಕೋಣೆಯದು. ಮುಂದಿನದನ್ನು ಖಾಲಿ ಕೋಣೆಯಲ್ಲಿ ಮಾಡಿದರೆ ಅದಕ್ಕೂ ಇದಕ್ಕೂ ಹೋಲಿಕೆ ಹೇಗೆ? ಇನ್ನೊಬ್ಬರಾಗಿದ್ದರೆ ಮೊದಲನೆಯದನ್ನು ಬಿಟ್ಟುಬಿಡುತ್ತಿದ್ದರು. ಭಾವ ನಮ್ಮನ್ನು ಬಿಡಲಿಲ್ಲ. ಅಂದಿನಿಂದ ಅಲ್ಲಿ ಯಾವ ಕೂಲರ್ ಪರೀಕ್ಷೆಯಾದರೂ ಮೂರು ಜನ ಅದೇ ಕುರ್ಚಿಗಳಲ್ಲಿ ಕೂತಿರಬೇಕು. ನಾನು ಸ್ವಲ್ಪ ಮೈ ಬಂದಂತೆ ಕಂಡರೆ ಊಟ ಕಡಿಮೆ ಮಾಡು ಎನ್ನುತ್ತಾರೆ. ನೋಡಿದವರು ನನ್ನ ಆರೋಗ್ಯದ ಕಾಳಜಿ ಎಂದುಕೊಳ್ಳುತ್ತಾರೆ.

ಮಾತಾಡುವಂತಿಲ್ಲ. ಇದು ನನ್ನ ದೆಸೆಯಿಂದ ಬಂದ ನಿಯಮ. ಒಮ್ಮೆ ಪರೀಕ್ಷೆಯ ಮಧ್ಯೆ, ನಮ್ಮ ಕಚೇರಿಯ ಲಿಫ್ಟ್ ಮೇಲಿನ ಮಹಡಿಯನ್ನು ದಾಟಿ ಹೋಗಿ ಪಕ್ಕದ ಕಟ್ಟಡದಲ್ಲಿ ಇಳಿಸಿದ ಸಂಗತಿ ಹೇಳುತ್ತಿದ್ದೆ. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೋಣೆಯ ಥರ್ಮಾಮೀಟರ್ ಅರ್ಧ ಡಿಗ್ರಿ ಏರಿತು. ನಗುವ ಮನುಷ್ಯ ನೂರೈವತ್ತು ವ್ಯಾಟ್ ಎಂದು ಭಾವ ತೀರ್ಮಾನಿಸಿದರು. ಈಗ ಪರೀಕ್ಷೆ ಶುರುವಾದ ಮೇಲೆ ಯಾರಾದರೂ ಬಾಯಿ ಬಿಟ್ಟರೆ, ಎದ್ದರೆ, ಆ ದಿನದ ಪರೀಕ್ಷೆ ರದ್ದು. ಇನ್ನೊಂದು, ಕೂಲರ್ ಮಾಡಿದವರು ಕೋಣೆಯೊಳಗೆ ಬರುವಂತಿಲ್ಲ.

ಈ ಕೊನೆಯ ನಿಯಮ ಇಷ್ಟು ದಿನ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ತೊಂದರೆಯಾದದ್ದು ನನ್ನ ನಾದಿನಿಯೇ ಒಂದು ಕೂಲರ್ ಮಾಡಿದಾಗ.

ನಾದಿನಿ ಆ ಮನೆಯ ಕಿರಿಯವಳು. ದೊಡ್ಡ ದೊಡ್ಡ ಕಟ್ಟಡಗಳ ನೀರಿನ ಪಂಪು ರಿಪೇರಿ ಮಾಡುವುದು ಅವಳ ಕೆಲಸ. ನೆಲಮಾಳಿಗೆಯ ಕತ್ತಲಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು, ಪಂಪಿನ ಬಾಯಿಗೆ ಸಿಕ್ಕಿಕೊಂಡ ಚಿಂದಿ ಬಟ್ಟೆ, ಪ್ಲಾಸ್ಟಿಕ್ ಚೀಲ, ಒಮ್ಮೆಯಂತೂ ಯಾರದೋ ಹಲ್ಲಿನ ಸೆಟ್ಟು ಎಳೆದೆಳೆದು ಅವಳಿಗೆ ಸಾಕಾಗಿತ್ತು. ಮನೆಯ ಹಿಂದಿನ ಶೆಡ್ಡಿನಲ್ಲಿ ಬಿಡುವಾದಾಗಲೆಲ್ಲ ಕೂತು ಅವಳೊಂದು ಲಿಕ್ವಿಡ್ ಕೂಲರ್ ಮಾಡಿದಳು. ಪ್ರೊಸೆಸರ್ ಮೇಲೆ ಕೂರುವ ಒಂದು ತಾಮ್ರದ ಬಿಲ್ಲೆ, ಅದರ ನೆತ್ತಿಗೆ ನಿಂಬೆಹಣ್ಣಿನಷ್ಟು ಪಂಪು, ಅಲ್ಲಿಂದ ಎರಡು ರಬ್ಬರ್ ಪೈಪು, ಪೈಪಿನ ಕೊನೆಗೆ ರೇಡಿಯೇಟರು, ಅದಕ್ಕೆ ಫ್ಯಾನು. ಪಂಪು ದ್ರವವನ್ನು ತಿರುಗಿಸುತ್ತದೆ, ದ್ರವ ಕಾವನ್ನು ಹೊತ್ತು ರೇಡಿಯೇಟರಿಗೆ ತರುತ್ತದೆ, ಫ್ಯಾನು ಅದನ್ನು ಹೊರಗೆ ಊದುತ್ತದೆ. ಎಲ್ಲ ಮೊದಲೇ ತುಂಬಿ ಸೀಲು ಮಾಡಿದ್ದು. ಕೊಂಡವರು ಬಿಚ್ಚುವಂತಿಲ್ಲ, ಒಂದು ಹನಿ ಹಾಕುವಂತಿಲ್ಲ, ತಂದು ಕೂರಿಸಿದರೆ ಮುಗಿಯಿತು.

ವಿಡಿಯೊ ಎಡಿಟಿಂಗ್ ಮಾಡುವವರಿಗೆ ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿಯವರೊಬ್ಬರು ಅದನ್ನು ನೋಡಿ ಇಷ್ಟಪಟ್ಟಿದ್ದರು. ಅವರ ಮುಂದೆ ಎರಡೇ ದಾರಿ. ಇನ್ನೊಂದು ಕಂಪನಿಯ ಲಿಕ್ವಿಡ್ ಕೂಲರ್ ಭಾವನ ಪರೀಕ್ಷೆಯಲ್ಲಿ ಆಗಲೇ ಎಪ್ಪತ್ತೊಂದು ಡಿಗ್ರಿ ಪಡೆದು ಪಾಸಾಗಿತ್ತು. ನಾದಿನಿಯದೂ ಪಾಸಿನ ಗೆರೆಯಾದ ಎಂಬತ್ತು ದಾಟದೆ, ಅದರ ಸರಿಸಮ ನಿಂತರೆ ತಮ್ಮ ಎಲ್ಲ ಕಂಪ್ಯೂಟರಿಗೂ ಅವಳದನ್ನೇ ಹಾಕುವುದಾಗಿ, ಇಲ್ಲದಿದ್ದರೆ ಕಂಪನಿಯದನ್ನೇ ತರಿಸುವುದಾಗಿ ಹೇಳಿದ್ದರು. ಪರೀಕ್ಷೆಯ ದಿನವೇ ಸಂಜೆ ಬಂದು ತೀರ್ಮಾನ ಹೇಳುತ್ತೇನೆ, ಇನ್ನು ಕಾಯಲಾರೆ ಎಂದೂ ಹೇಳಿದ್ದರು. ನಾದಿನಿ ಮನೆಯಲ್ಲಿ ಸಾರಿಬಿಟ್ಟಿದ್ದಳು: ಇದು ಗೆದ್ದರೆ ಶೆಡ್ಡು, ಸೋತರೆ ಶೆಡ್ಡಿಗೆ ಬೀಗ ಹಾಕಿ ಮತ್ತೆ ನೆಲಮಾಳಿಗೆ.

ತಂಗಿಯದೆಂದು ಭಾವ ಸಡಿಲ ಬಿಡುತ್ತಾರೆಂದು ಯಾರೂ ಎಣಿಸಿರಲಿಲ್ಲ. ಬಿಡಲೂ ಇಲ್ಲ. ಕಂಪನಿಯವರ ಪೆಟ್ಟಿಗೆಯನ್ನು ಒಮ್ಮೆ ನೋಡುವವರು ಅವಳ ರೇಡಿಯೇಟರನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ರೇಡಿಯೇಟರಿನ ತಗಡಿನ ಎಸಳುಗಳು ಎಲ್ಲರದಕ್ಕಿಂತ ದೂರ ದೂರ ಇದ್ದವು.

"ಇಷ್ಟು ಸಂದು ಯಾಕೆ ಬಿಟ್ಟೆ?" ಎಂದರು.

"ಉಸಿರಾಡ್ಲಿ ಅಂತ."

"ಎಸಳು ಕಮ್ಮಿಯಾದ್ರೆ ಕಾವು ಬಿಡೋ ಜಾಗ ಕಮ್ಮಿಯಾಗುತ್ತೆ."

"ಗೊತ್ತಣ್ಣ. ನಾನೇ ಮಾಡಿದ್ದು."

ಭಾವ ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು.

ಅದು ಚಳಿಯ ಕಾಲ. ಕೋಣೆ ಇಪ್ಪತ್ತೆರಡು ಡಿಗ್ರಿಯಲ್ಲೇ ಇರಬೇಕೆಂದು ಭಾವ ಮೇಲಿನ ಗಾಳಿಕಿಂಡಿಯನ್ನು ಬೆರಳಗಲ ತೆರೆದಿದ್ದರು. ಅದರ ಗಾಳಿ ನೇರವಾಗಿ ಮಾವನ ಕುರ್ಚಿಗೆ ಬರುತ್ತಿತ್ತು. ಮಾವ ಕಂಬಳಿ ಹೊದ್ದು ಬಂದು ಕೂತಿದ್ದರು. ಮೇಜಿನ ಮೇಲೆ ಕಂಪ್ಯೂಟರು, ಮೀಟರುಗಳು, ವೈರುಗಳು ಸೇರಿ ಇರುವೆಗೂ ಜಾಗವಿರಲಿಲ್ಲ. ನಾದಿನಿಯ ಪೈಪುಗಳು ಉದ್ದವಾಗಿದ್ದರಿಂದ ಭಾವ ರೇಡಿಯೇಟರನ್ನು ಕೆಳಗೆ ಒಂದು ಸ್ಟೂಲಿನ ಮೇಲೆ ಇಟ್ಟರು. ಸ್ಟೂಲು ಇದ್ದದ್ದು ಮಾವನ ಮಂಡಿಯ ಮುಂದೆ.

ಕಿಟಕಿಯ ಗಾಜಿನಾಚೆ ನನ್ನ ಹೆಂಡತಿ ಮತ್ತು ನಾದಿನಿ ನಿಂತಿದ್ದರು. ಅವರಿಗೆ ಕಂಪ್ಯೂಟರಿನ ಪರದೆ ಕಾಣುತ್ತಿತ್ತು, ನಾನು ಕಾಣುತ್ತಿದ್ದೆ, ಮಾವ ಕಾಣುತ್ತಿರಲಿಲ್ಲ. ನಡುವೆ ಬೀರು ಅಡ್ಡ. ಭಾವ ಪರದೆಗೆ ಮುಖ ಹಾಕಿ ಮಾವನಿಗೆ ಬೆನ್ನು ಕೊಟ್ಟು ಕೂತಿದ್ದರು. ನನಗೆ ಮಾವ ಕಾಣುತ್ತಿದ್ದರು, ಪರದೆ ಕಾಣುತ್ತಿರಲಿಲ್ಲ. ಒಟ್ಟಿನಲ್ಲಿ ಎಲ್ಲರಿಗೂ ಅರ್ಧರ್ಧ ಕಾಣುವಂತೆ ಕೋಣೆ ಸಜ್ಜಾಗಿತ್ತು.

ಭಾವ ಟೈಮರ್ ಒತ್ತಿ, ಪ್ರೊಸೆಸರಿಗೆ ಅದು ಹೊರಲಾರದಷ್ಟು ಲೆಕ್ಕ ಕೊಟ್ಟರು. ನಾದಿನಿಯ ಪಂಪು ಸದ್ದೇ ಮಾಡಲಿಲ್ಲ. ಮೊದಲು ಬರುತ್ತಿದ್ದ ಕೂಲರುಗಳಲ್ಲಿ ಕೆಲವು ಎಷ್ಟು ಗದ್ದಲ ಮಾಡುತ್ತಿದ್ದವೆಂದರೆ, ಬೀದಿಯವರು ಯಾರೋ ಹಿಟ್ಟಿನ ಗಿರಣಿ ಶುರು ಮಾಡಿದ್ದಾರೆಂದು ಡಬ್ಬ ಹಿಡಿದುಕೊಂಡು ಬಂದು ಸಾಲು ನಿಲ್ಲುತ್ತಿದ್ದರು. ಇದು ಹಾಗಲ್ಲ. ಫ್ಯಾನು ಮೆತ್ತಗೆ ಉಸಿರಾಡುತ್ತಿತ್ತು. ಅದರ ಬಿಸಿ ಗಾಳಿ ಮಾವನ ಮಂಡಿಗೆ ತಾಗಿತು.

ಮಾವನ ಮುಖದಲ್ಲಿ ಆದ ಬದಲಾವಣೆಯನ್ನು ನಾನೊಬ್ಬನೇ ನೋಡಿದೆ. ಮೊದಲು ಅನುಮಾನ, ಆಮೇಲೆ ಆಶ್ಚರ್ಯ, ಆಮೇಲೆ ಎಷ್ಟೋ ಕಾಲದಿಂದ ಬಾರದಿದ್ದ ನೆಂಟರು ಬಂದಂಥ ಸಂತೋಷ. ಕಾಲಿನಿಂದ ಸ್ಟೂಲನ್ನು ಸ್ವಲ್ಪ ಹತ್ತಿರ ಎಳೆದುಕೊಂಡರು. ಇನ್ನೂ ಸ್ವಲ್ಪ ಎಳೆದುಕೊಂಡರು. ಕೊನೆಗೆ ರೇಡಿಯೇಟರನ್ನು ಎತ್ತಿ ಮಗುವಿನಂತೆ ಮಡಿಲಲ್ಲಿಟ್ಟುಕೊಂಡರು. ಬಿಸಿ ಗಾಳಿ ಸುಮ್ಮನೆ ಹಾಳಾಗುತ್ತಿದೆಯಲ್ಲ ಎಂದೋ ಏನೋ, ಅದರ ಮೇಲೆ ಕಂಬಳಿ ಹೊದಿಸಿ, ನಾಲ್ಕೂ ಕಡೆ ಅಂಚು ಒಳಗೆ ಸೇರಿಸಿ, ಕಣ್ಣು ಮುಚ್ಚಿದರು. ಗೊರಕೆಯಿಲ್ಲದ ನಿದ್ದೆ ಅವರದು.

ರೇಡಿಯೇಟರಿಗೆ ಕಂಬಳಿ ಹೊದಿಸಿದರೆ ಏನಾಗುತ್ತದೆಂದು ತಿಳಿಯಲು ಭಾವನೇ ಆಗಬೇಕಿಲ್ಲ. ಬಾಯಿ ಬಿಟ್ಟರೆ ಪರೀಕ್ಷೆ ರದ್ದು, ಸಂಜೆಯೊಳಗೆ ಇನ್ನೊಂದಿಲ್ಲ, ಅಂಗಡಿಯವರು ಕಂಪನಿಯದನ್ನು ತರಿಸುತ್ತಾರೆ. ಬಿಡದಿದ್ದರೆ ಪ್ರೊಸೆಸರ್ ಕಾದು ಎಂಬತ್ತು ದಾಟುತ್ತದೆ, ಆಗಲೂ ಕಂಪನಿಯದೇ. ಮಾತಾಡಿ ಕೆಡಿಸಿದ್ದು ನನ್ನ ಬಾಳಿನಲ್ಲಿ ಬೇಕಾದಷ್ಟಿದೆ. ಮಾತಾಡದೆ ಕೆಡಿಸುವ ಭಾಗ್ಯ ಅದೇ ಮೊದಲು.

ಕಿಟಕಿಯ ಕಡೆ ನೋಡಿ ಹುಬ್ಬು ಹಾರಿಸಿದೆ. ಕಣ್ಣಿನಿಂದ ಬೀರುವಿನಾಚೆ ತೋರಿಸಿದೆ. ಕುತ್ತಿಗೆಯಿಂದ ಕಂಬಳಿ ಎಂದು ಹೇಳಲು ಪ್ರಯತ್ನಪಟ್ಟೆ, ಅದು ಸಾಧ್ಯವಿಲ್ಲ. ನಾದಿನಿ ಪರದೆ ನೋಡುತ್ತ ಕಂಗಾಲಾಗಿದ್ದಳು. ನನ್ನ ಹೆಂಡತಿ ಮಾತ್ರ ನನ್ನನ್ನು ನೋಡಿ, ಇಂಥ ಹೊತ್ತಿನಲ್ಲೂ ಮಂಗಾಟವೇ ಎಂಬಂತೆ ಕಣ್ಣು ಕೆಕ್ಕರಿಸಿದಳು. ಇಷ್ಟು ವರ್ಷದ ದಾಂಪತ್ಯದಲ್ಲಿ ನನ್ನ ಮುಖದ ಮೇಲಿನ ನಂಬಿಕೆಯನ್ನು ನಾನು ಅಷ್ಟು ಚೆನ್ನಾಗಿ ಕಳೆದುಕೊಂಡಿದ್ದೆ.

ಉಳಿದದ್ದು ಕಾಲು. ಕುರ್ಚಿಯಿಂದ ಏಳದೆ ಎಡಗಾಲನ್ನು ಚಾಚಿದೆ. ನನ್ನ ಕಾಲು ಅಷ್ಟು ಉದ್ದವಿಲ್ಲ. ಆದರೆ ಆ ದಿನ ಬೆಳೆಯಿತು. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿಯಲ್ಲಿ ಕಂಬಳಿಯ ಅಂಚು ಸಿಕ್ಕಿತು. ಮೆಲ್ಲಗೆ ಎಳೆದೆ. ಒಂದು ಮೂಲೆ ಬಿಚ್ಚಿಕೊಂಡಿತು. ಇನ್ನೊಂಚೂರು ಎಳೆದೆ. ಮಾವನಿಗೆ ನಿದ್ದೆಯಲ್ಲೇ ಚಳಿ ತಾಗಿರಬೇಕು, ಒಂದೇ ಏಟಿಗೆ ಕಂಬಳಿ ಎಳೆದುಕೊಂಡು, ಇನ್ನೂ ಒಂದು ಸುತ್ತು ಸುತ್ತಿ, ರೇಡಿಯೇಟರನ್ನು ಅವುಚಿಕೊಂಡು ಮಗ್ಗುಲಾದರು. ಅದರ ಜೊತೆ ನನ್ನ ಕಾಲುಚೀಲವೂ ಹೋಯಿತು.

ಹೊರಗೆ ನಾದಿನಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಭಾವನ ಬೆನ್ನು ನೆಟ್ಟಗಾಯಿತು. ಎಪ್ಪತ್ತೇಳು, ಎಪ್ಪತ್ತೆಂಟು ಎಂದು ಪರದೆ ಏರುತ್ತಿತ್ತೆಂದು ಆಮೇಲೆ ಗೊತ್ತಾಯಿತು. ನನಗೆ ಗೊತ್ತಾಗುತ್ತಿದ್ದದ್ದು ಹೆಂಡತಿಯ ಮುಖದಿಂದ ಮಾತ್ರ. ಅವಳ ಹುಬ್ಬು ಏರಿತು, ಇನ್ನೂ ಏರಿತು, ಆಮೇಲೆ ಒಂದು ಕಡೆ ನಿಂತಿತು. ನಿಂತೇ ಇತ್ತು. ಟೈಮರ್ ಕೂಗಿತು.

"ಎಪ್ಪತ್ತೊಂಬತ್ತು," ಎಂದರು ಭಾವ.

ಎಂಬತ್ತು ದಾಟಿರಲಿಲ್ಲ, ನಿಜ. ಆದರೆ ಕಂಪನಿಯದು ಎಪ್ಪತ್ತೊಂದು. ನಾದಿನಿ ಬಾಗಿಲು ತಳ್ಳಿಕೊಂಡು ಬಂದಳು. ಬೀರು ದಾಟಿ, ಅಪ್ಪನನ್ನು ನೋಡಿ, ನಿಂತಲ್ಲೇ ನಿಂತಳು. ಕಂಬಳಿಯೊಳಗಿಂದ ಎರಡು ಪೈಪು ಹೊರಗೆ ಬಂದು ಮೇಜಿಗೆ ಹೋಗಿದ್ದವು. ನೋಡಿದರೆ ಮಾವನನ್ನು ಕಂಪ್ಯೂಟರಿಗೆ ಜೋಡಿಸಿದಂತಿತ್ತು.

ಭಾವ ತಿರುಗಿ ನೋಡಿದರು. ಪೈಪು ನೋಡಿದರು, ಕಂಬಳಿ ನೋಡಿದರು, ನನ್ನ ಬರಿಗಾಲು ನೋಡಿದರು. ಕಂಬಳಿಯೊಳಗೆ ಥರ್ಮಾಮೀಟರ್ ತೂರಿಸಿ ಹೊರಗೆ ತೆಗೆದರು.

"ಈ ಪರೀಕ್ಷೆ ರದ್ದು," ಎಂದರು.

ಅಷ್ಟರಲ್ಲಿ ಎಚ್ಚರವಾದ ಮಾವ, ಯಾಕೆ ನಿಲ್ಲಿಸಿದಿರಿ, ಬೆಚ್ಚಗಿತ್ತಲ್ಲ ಎಂದು ಕೇಳಿದರು. ನಾದಿನಿ ಅಣ್ಣನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಅಪ್ಪ ಎದ್ರಾ?"

"ಇಲ್ಲ."

"ಮಾತಾಡಿದ್ರಾ?"

"ಇಲ್ಲ."

"ನಿದ್ದೆ ಮಾಡ್ಬಾರ್ದು ಅಂತ ನಿನ್ನ ನಿಯಮದಲ್ಲಿದೆಯಾ?"

ಭಾವ ಯೋಚಿಸಿದರು. ನಿದ್ದೆಯ ಬಗ್ಗೆ ನಿಯಮವಿರಲಿಲ್ಲ. ಮಡಿಲಿನ ಬಗ್ಗೆಯೂ ಇರಲಿಲ್ಲ. "ಇಲ್ಲ," ಎಂದು ಒಪ್ಪಿಕೊಂಡರು. ತಮ್ಮ ನಿಯಮವನ್ನು ತಾವೇ ಮೀರುವುದಕ್ಕಿಂತ ಅವರು ಕುದಿಯುವ ನೀರು ಕುಡಿದಾರು, ಅದೂ ನೂರು ಇದೆಯೇ ಎಂದು ನೋಡಿಯೇ. "ಹಾಗಾದ್ರೆ ಪರೀಕ್ಷೆ ಸರಿ. ಅಂಕಿ ಎಪ್ಪತ್ತೊಂಬತ್ತು."

ಆಗ ನಾದಿನಿಗೆ ತಾನು ವಾದ ಮಾಡಿ ಗೆದ್ದದ್ದು ಏನನ್ನು ಎಂದು ಹೊಳೆಯಿತು. ಮುಖ ಇಳಿಬಿಟ್ಟುಕೊಂಡು ಕುರ್ಚಿಯಲ್ಲಿ ಕೂತಳು. ನನ್ನ ಹೆಂಡತಿ ಅವಳ ಹೆಗಲ ಮೇಲೆ ಕೈಯಿಟ್ಟು, ನನ್ನ ಕಡೆ ತಿರುಗಿ, ನೋಡ್ತಾ ಕೂತಿದ್ದೆಯಲ್ಲ, ಒಂದು ಸನ್ನೆಯಾದರೂ ಮಾಡಬಾರದಿತ್ತೇ ಎಂದಳು. ನಾನು ಕಾಲುಚೀಲ ಹುಡುಕತೊಡಗಿದೆ.

ಸಂಜೆ ಅಂಗಡಿಯವರು ಬಂದರು. ಗಟ್ಟಿಮುಟ್ಟಾದ ಮನುಷ್ಯ, ಮಾತು ಕಡಿಮೆ. ಭಾವನ ಪದ್ಧತಿಯೆಂದರೆ ಅಂಕಿಯನ್ನು ಬಿಡಿಯಾಗಿ ಹೇಳುವುದಿಲ್ಲ. ಕೋಣೆ ಎಷ್ಟು ಡಿಗ್ರಿ ಇತ್ತು, ಫ್ಯಾನು ಎಷ್ಟು ತಿರುಗಿತು, ಎಷ್ಟು ಜನ ಕೂತಿದ್ದರು, ಎಲ್ಲ ಸೇರಿಸಿಯೇ ಹೇಳುತ್ತಾರೆ. ಗಂಟಲು ಸರಿಮಾಡಿಕೊಂಡು ಶುರು ಮಾಡಿದರು.

"ಕೋಣೆ ಇಪ್ಪತ್ತೆರಡು. ಜನ ಮೂರು. ರೇಡಿಯೇಟರ್ ಅಪ್ಪನ ಮಡಿಲಲ್ಲಿ, ಕಂಬಳಿಯ ಕೆಳಗೆ. ಅಪ್ಪ ನಿದ್ದೆಯಲ್ಲಿ. ಎಪ್ಪತ್ತೊಂಬತ್ತು."

ಅಂಗಡಿಯವರು ಭಾವನ ಮುಖವನ್ನೇ ನೋಡಿದರು. ಆ ಮುಖದಲ್ಲಿ ತಮಾಷೆ ಹುಡುಕುವುದೂ ಒಂದೇ, ಇಟ್ಟಿಗೆಯಲ್ಲಿ ಹುಡುಕುವುದೂ ಒಂದೇ.

"ಕಂಬಳಿ ಕೆಳಗೆ ಎಪ್ಪತ್ತೊಂಬತ್ತೇ?"

"ಹೌದು."

"ಆ ಕಂಪನೀದು ಕಂಬಳಿ ಕೆಳಗೆ ಎಷ್ಟು?"

ಭಾವ ತಡವರಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅದನ್ನು ಪರೀಕ್ಷಿಸಿದ ದಿನ ಸೆಕೆಯಿತ್ತು, ಅಪ್ಪ ಕಂಬಳಿ ತಂದಿರಲಿಲ್ಲ ಎಂದರು. ಅಂಗಡಿಯವರು ಅಲ್ಲೇ ಇದ್ದ ಸ್ಟೂಲನ್ನು ಎಳೆದುಕೊಂಡು ಕೂತು, ಈಗ ತಂದಿದ್ದಾರಲ್ಲ, ನೋಡೇಬಿಡೋಣ ಎಂದರು.

ಕಂಪನಿಯ ಕೂಲರ್ ಕಪಾಟಿನಲ್ಲೇ ಇತ್ತು. ಅಂಗಡಿಯವರ ಕಾವು ಸೇರಿ ಲೆಕ್ಕ ತಪ್ಪಬಾರದೆಂದು ಭಾವ ಅವರನ್ನೂ ಕಿಟಕಿಯಾಚೆ ನಿಲ್ಲಿಸಿದರು. ಕೋಣೆಯನ್ನು ಮತ್ತೆ ಇಪ್ಪತ್ತೆರಡಕ್ಕೆ ಇಳಿಸಿದರು. ಅದರ ಪೈಪು ಗಿಡ್ಡ, ಹಾಗಾಗಿ ಮಾವನನ್ನು ಕುರ್ಚಿ ಸಮೇತ ಮೇಜಿನ ಬಳಿ ಎಳೆಯಬೇಕಾಯಿತು. ರೇಡಿಯೇಟರ್ ಮಡಿಲಿಗೆ ಬಂತು, ಕಂಬಳಿ ಬಂತು. ಬಾರದಿದ್ದದ್ದು ನಿದ್ದೆ. ಇಷ್ಟು ಜನ ತಮ್ಮ ನಿದ್ದೆಯನ್ನೇ ಕಾಯುತ್ತಿರುವುದನ್ನು ನೋಡಿ ಮಾವ ಹುರುಪಾಗಿ ಕಣ್ಣರಳಿಸಿ ಕೂತಿದ್ದರು. ಅಪ್ಪ ನಿದ್ದೆ ಮಾಡದಿದ್ದರೆ ಎರಡೂ ಪರೀಕ್ಷೆ ಒಂದೇ ಅಲ್ಲ ಎಂದು ಭಾವ ಪಟ್ಟು ಹಿಡಿದರು.

"ಅಳಿಯಂದ್ರೇ, ಏನಾದ್ರೂ ಹೇಳಿ," ಎಂದರು ಮಾವ.

ಟೈಮರ್ ಒತ್ತುವವರೆಗೆ ಮಾತಾಡಬಹುದಿತ್ತು. ನಾನು ಯೋಚಿಸಿದೆ. ನನ್ನ ಎಂದಿನ ಸಂಗತಿಗಳಿಗೆ ಮಾವ ಎದ್ದು ಕೂರುತ್ತಾರೆ. ಹಾಗಾಗಿ ಆ ಸಲ ನಿಜವಾಗಿ ನಡೆದ ಒಂದು ಸಂಗತಿಯನ್ನು ನಡೆದ ಹಾಗೆ ಹೇಳಿದೆ. ಬ್ಯಾಂಕಿನಲ್ಲಿ ನನ್ನ ವಿಳಾಸ ಬದಲಿಸಲು ಹೋದದ್ದು, ಮೊದಲ ಕಿಟಕಿಯವರು ಎರಡನೆಯ ಕಿಟಕಿಗೆ ಕಳಿಸಿದ್ದು, ಎರಡನೆಯವರು ಊಟಕ್ಕೆ ಹೋಗಿದ್ದದ್ದು, ಬಂದದ್ದು, ವಿಳಾಸ ಬದಲಾದದ್ದು. ಎರಡನೆಯವರು ಊಟದಿಂದ ವಾಪಸ್ಸು ಬರುವಷ್ಟರಲ್ಲಿ ಮಾವ ಮಲಗಿದ್ದರು. ಕಿಟಕಿಯಾಚೆ ಅಂಗಡಿಯವರೂ ತೂಕಡಿಸುತ್ತಿದ್ದರೆಂದು ಹೆಂಡತಿ ಆಮೇಲೆ ಹೇಳಿದಳು.

ಭಾವ ಟೈಮರ್ ಒತ್ತಿದರು.

ಕಂಪನಿಯ ಕೂಲರಿನ ಎಸಳುಗಳು ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿದ್ದವು. ಗಾಳಿ ಧಾರಾಳವಾಗಿದ್ದಾಗ ಅದು ಅಂದವೇ. ಕಂಬಳಿಯ ಉಣ್ಣೆ ಅದರ ಬಾಯಿಗೆ ಅಂಟಿಕೊಂಡದ್ದೇ ಫ್ಯಾನು ಏದುಸಿರು ಬಿಡತೊಡಗಿತು. ಭಾವನ ಬೆನ್ನು ಆಗಿನಂತೆಯೇ ನೆಟ್ಟಗಾಯಿತು. ಸದ್ದು ಏರಿತು, ಏರಿ ಕೀರಲಾಯಿತು. ಟೈಮರ್ ಕೂಗಲು ಇನ್ನೂ ಬಹಳ ಹೊತ್ತಿರುವಾಗಲೇ ಪ್ರೊಸೆಸರ್ ಪ್ರಾಣ ಉಳಿಸಿಕೊಳ್ಳಲು ತಾನೇ ಆರಿಹೋಯಿತು. ಪರದೆ ಕಪ್ಪಾಯಿತು.

ಸದ್ದು ನಿಂತದ್ದಕ್ಕೆ ಮಾವನಿಗೆ ಎಚ್ಚರವಾಯಿತು. ಕರೆಂಟು ಹೋಯಿತೇ ಎಂದು ಕೇಳಿದರು. ಆಮೇಲೆ ಕಂಬಳಿಯೊಳಗಿನದನ್ನು ಮುಟ್ಟಿನೋಡಿ, ಇದು ಬೇಡ, ಸುಡುತ್ತೆ, ಮಗಳು ಮಾಡಿದ್ದೇ ಹಿತವಾಗಿತ್ತು ಎಂದರು.

ಅಂಗಡಿಯವರು ಒಳಗೆ ಬಂದರು. ನಾದಿನಿಯ ರೇಡಿಯೇಟರನ್ನು ಎತ್ತಿಕೊಂಡು, ಆ ಅಗಲ ಸಂದುಗಳೊಳಗಿಂದ ದೀಪವನ್ನು ನೋಡುತ್ತ, ಇದನ್ನು ಹೀಗೆ ಮಾಡಲು ಯಾರು ಹೇಳಿಕೊಟ್ಟರೆಂದು ಕೇಳಿದರು. ಪಂಪಿನ ಬಾಯಿಗೆ ಯಾವತ್ತೂ ಏನಾದರೊಂದು ಬಂದು ಸಿಕ್ಕಿಕೊಳ್ಳುತ್ತದೆ, ಸಿಕ್ಕಿಕೊಂಡಾಗಲೂ ಓಡಬೇಕಲ್ಲ ಎಂದಳು ನಾದಿನಿ. ಅವರು ತಲೆಯಾಡಿಸಿದರು.

"ನನ್ನ ಗಿರಾಕಿಗಳು ಕಂಪ್ಯೂಟರನ್ನ ಮಂಚದ ಕೆಳಗಿಡ್ತಾರೆ, ಕಿಟಕಿ ಪರದೆ ಹಿಂದೆ ಇಡ್ತಾರೆ. ಒಬ್ಬರ ಮನೇಲಿ ಅದರ ಮೇಲೆ ಬೆಕ್ಕು ಮರಿ ಹಾಕಿತ್ತು. ಇಂಥ ಕೋಣೇಲಿ ಯಾರು ಇಡ್ತಾರಮ್ಮ? ನೀನು ಮಾಡು. ಎಷ್ಟು ಮಾಡ್ತೀಯೋ ಅಷ್ಟೂ ನನಗೆ ಬೇಕು."

ನಾದಿನಿ ರೇಡಿಯೇಟರನ್ನು ಅವರ ಕೈಯಿಂದ ತೆಗೆದುಕೊಂಡು, ಅಂಟಿದ್ದ ಕಂಬಳಿಯ ಎಳೆಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಅವಳು ಅಳುತ್ತಿದ್ದಾಳೆಂದು ನನಗನಿಸಿತು. ಹತ್ತಿರ ಹೋಗಿ ನೋಡಿದರೆ ನಗುತ್ತಿದ್ದಳು. ನೂರೈವತ್ತು ವ್ಯಾಟಿಗೆ ಕಡಿಮೆಯಿರಲಿಲ್ಲ.

ಮಾರನೆಯ ದಿನ ಭಾವ ಯಾರಿಗೂ ಹೇಳದೆ ಇನ್ನೊಂದು ಪರೀಕ್ಷೆ ಮಾಡಿದರು. ಯಾರಿಗೂ ಹೇಳದೆ ಎಂದರೆ ನನಗೂ ಮಾವನಿಗೂ ಹೇಳಲೇಬೇಕಾಯಿತು, ಕೂರಬೇಕಲ್ಲ. ಈ ಸಲ ಕಂಬಳಿಯಿಲ್ಲ, ಮಡಿಲಿಲ್ಲ, ರೇಡಿಯೇಟರ್ ಬೀರುವಿನ ಮೇಲೆ. ಅಂಕಿ ಬಂದ ಕೂಡಲೇ ಎದ್ದು ಶೆಡ್ಡಿಗೆ ಹೋದರು. ನಾನೂ ಹಿಂದೆ ಹೋದೆ. ಅಲ್ಲಿ ನಾದಿನಿ ಪೈಪನ್ನು ಬಿಸಿನೀರಿಗೆ ಅದ್ದಿ ಮೆತ್ತಗೆ ಮಾಡಿ ಪಂಪಿನ ಮೂತಿಗೆ ಏರಿಸುತ್ತಿದ್ದಳು. ಬೆಂಚಿನ ಉದ್ದಕ್ಕೂ ತಾಮ್ರದ ಬಿಲ್ಲೆಗಳು. ನನ್ನ ಹೆಂಡತಿ ಒಂದೊಂದನ್ನೇ ಒರೆಸಿ, ಕನ್ನಡಿಯಂತೆ ಮುಖ ನೋಡಿಕೊಂಡು ಇಡುತ್ತಿದ್ದಳು.

"ಕಂಬಳಿ ಇಲ್ದೆ ಎಪ್ಪತ್ತಮೂರು," ಎಂದರು ಭಾವ. "ಅವರದಕ್ಕಿಂತ ಎರಡು ಜಾಸ್ತಿ. ಅಪ್ಪ ನಿದ್ದೆ ಮಾಡ್ದೆ ಇದ್ದಿದ್ರೆ ನೀನು ಸೋಲ್ತಿದ್ದೆ. ಅಂಗಡಿಯವರಿಗೂ ಫೋನ್ ಮಾಡಿ ಹೇಳ್ದೆ."

ನಾದಿನಿಯ ಕೈ ನಿಂತಿತು. "ಏನಂದ್ರು?"

"ಮೇಲೆ ಮಲಗೋ ಬೆಕ್ಕು ಅಂಕಿ ಕೇಳಲ್ಲ ಅಂದ್ರು."

ಅವಳು ಮತ್ತೆ ಪೈಪಿಗೆ ಬಗ್ಗಿದಳು. "ಎಪ್ಪತ್ತಮೂರು ಅಂತ ನನಗೆ ಗೊತ್ತಿತ್ತಣ್ಣ, ಇಲ್ಲೇ ಅಳೆದು ನೋಡಿದ್ದೆ. ಅದಕ್ಕೇ ಮೊನ್ನೆ ರಾತ್ರಿ ನಿದ್ದೆ ಬಂದಿರ್ಲಿಲ್ಲ," ಎಂದಳು. ಪೈಪು ಅರ್ಧ ಏರಿ ಜಾರಿತು. "ಸುಮ್ನೆ ನಿಂತ್ಕೋಬೇಡ, ಆ ತುದಿ ಹಿಡ್ಕೋ."

ಪರೀಕ್ಷೆ ಮಾಡುವವರು ಮಾಡಿದ ವಸ್ತುವನ್ನು ಶೆಡ್ಡಿನಲ್ಲಿ ಮುಟ್ಟಬಹುದೇ ಎಂಬ ಬಗ್ಗೆ ಭಾವನಿಗೆ ಖಂಡಿತ ಒಂದು ನಿಯಮವಿದ್ದಿರಬೇಕು. ಅವರು ಬಿಸಿನೀರಿನ ಪಾತ್ರೆಯನ್ನು ನೋಡಿದರು. ಜೇಬಿಗೆ ಕೈ ಹಾಕಿದರು, ಥರ್ಮಾಮೀಟರ್ ಕೋಣೆಯಲ್ಲೇ ಉಳಿದಿತ್ತು. ಬೆರಳು ಅದ್ದಿ ನೋಡಿ, ಸರಿಯಾಗಿದೆ ಎಂದು, ಆ ತುದಿ ಹಿಡಿದುಕೊಂಡರು.